ಜಾಲರಿ ಸರಿಯಾದರೆ ಅಸ್ತ್ರ ಒಲೆ ಮತ್ತೆ ಉರಿಯುತ್ತದೆ

ನಮ್ಮ ಹಳ್ಳಿಗಳ ಎಷ್ಟೋ ಅಡುಗೆಮನೆಗಳಲ್ಲಿ ಅಸ್ತ್ರ ಒಲೆ ಇಂದಿಗೂ ಇದೆ. ಗ್ಯಾಸ್ ಬಂದ ಮೇಲೆ ಕೆಲವು ಮನೆಗಳಲ್ಲಿ ಅದು ಡಬ್ಬಿ ಇಡುವ ಕಟ್ಟೆಯಾಗಿದೆ. ಇನ್ನು ಕೆಲವೆಡೆ ದಿನವೂ ಉರಿಯುತ್ತದೆ, ಆದರೆ ಹೊಗೆ ಕೊಳವೆ ಹತ್ತದೆ ಅಡುಗೆ ಮಾಡುವವರ ಮುಖಕ್ಕೇ ನುಗ್ಗುತ್ತದೆ. ಒಲೆ ಕೆಟ್ಟಿತೆಂದು ಒಡೆಯಲು ಹೊರಟವರು ದಯವಿಟ್ಟು ಮೊದಲು ಅದರ ಬಾಯೊಳಗಿನ ಕಬ್ಬಿಣದ ಜಾಲರಿಯನ್ನು ನೋಡಿ.

ಹಳ್ಳಿಗೆ ಒದಗುವ ತಂತ್ರಜ್ಞಾನ ರೂಪಿಸಲೆಂದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಗ್ರಾಮೀಣ ಕೇಂದ್ರವಿತ್ತು. ಮೂರು ಪಾತ್ರೆ ಕೂರುವ ಈ ಮಣ್ಣಿನ ಒಲೆ ಅವರದೇ ಕೊಡುಗೆ. ಇಂಥ ಒಲೆಗಳನ್ನು ಹರಡಲೆಂದು 1983ರಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರ ಹೊತ್ತಿಗೆ ನಿಂತಿತು. ಒಲೆಗಳು ಉಳಿದವು, ಕೆಟ್ಟರೆ ನೋಡುವವರು ಇಲ್ಲವಾದರು. ಇದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ.

ಸೌದೆ ಉರಿಯುವುದು ಜಾಲರಿಯ ಮೇಲೆ. ಗಾಳಿ ಬರುವುದು ಕೆಳಗಿನ ಬೂದಿಗುಂಡಿಯಿಂದ. ಬೆಂಕಿಗೆ ಉಸಿರು ಕೊಡುವ ಆ ಗಾಳಿಯೇ ಸರಳುಗಳನ್ನು ತಂಪಾಗಿಯೂ ಇಡುತ್ತದೆ. ಬೂದಿ ತೆಗೆಯದೆ ಗುಂಡಿ ತುಂಬಿತೋ, ಸರಳು ಕೆಂಪಗೆ ಕಾದು ಬಾಗುತ್ತದೆ, ಹಕ್ಕಳೆ ಎದ್ದು ಪದರಪದರವಾಗಿ ಉದುರುತ್ತದೆ. ಜಾಲರಿ ಕಳಚಿದ ಒಲೆಯಲ್ಲಿ ಸೌದೆ ಬೂದಿಯ ಮೇಲೇ ಬಿದ್ದು ಅರೆಬರೆ ಉರಿಯುತ್ತದೆ. ಹೊಗೆ ಹುಟ್ಟುವುದು ಅಲ್ಲಿ.

ಬೀಡಿನ ಜಾಲರಿ ಸೀಳಿದ್ದರೆ ಬೆಸುಗೆಗೆ ದುಡ್ಡು ಸುರಿಯಬೇಡಿ, ಬೆಂಕಿಯ ಬಾಯಲ್ಲಿ ಅದು ನಿಲ್ಲುವುದು ಕಷ್ಟ. ಹಳೆಯದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಅದೇ ಅಗಲ, ಅದೇ ಸಂದು ಇಟ್ಟು ದಪ್ಪ ಸರಳಿನಲ್ಲಿ ಹೊಸದನ್ನೇ ಮಾಡಿಸಿ. ಉದ್ದ ಮಾತ್ರ ಕೂರುವ ಜಾಗಕ್ಕಿಂತ ತುಸು ಕಡಿಮೆಯೇ ಇರಲಿ. ಒಂದು ಗೇಣು ಉದ್ದದ ಸರಳು ಕೆಂಪಗೆ ಕಾದಾಗ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಅಲುಗಾಡದಿರಲೆಂದು ಎರಡೂ ತುದಿಗೆ ಮಣ್ಣು ಮೆತ್ತಿ ಬಿಗಿದರೆ ಅದು ಹಿಗ್ಗುವಾಗ ಒಲೆಯ ಗೋಡೆಯನ್ನೇ ಸೀಳುತ್ತದೆ. ಜಾಲರಿ ಸುಮ್ಮನೆ ಅಂಚಿನ ಮೇಲೆ ಕೂತಿರಬೇಕು, ಕೈಯಲ್ಲಿ ಎತ್ತಿದರೆ ಬರುವಂತಿರಬೇಕು.

ಗೋಡೆ ಆಗಲೇ ಬಿರುಕು ಬಿಟ್ಟಿದೆಯೇ? ಸಿಮೆಂಟಿನ ಹತ್ತಿರ ಹೋಗಬೇಡಿ. ಒಲೆಯ ಕಾವಿಗೆ ಅದರ ಕಟ್ಟು ಸಡಿಲವಾಗಿ ಹಪ್ಪಳೆಯಂತೆ ಎದ್ದು ಬರುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಕಲಸಿ ಒಂದು ರಾತ್ರಿ ನೆನೆಯಲು ಬಿಡಿ. ಬಿರುಕಿನ ಸಡಿಲ ಮಣ್ಣು ಕೆರೆದು, ಚೆನ್ನಾಗಿ ನೀರು ಚಿಮುಕಿಸಿ, ಹೆಬ್ಬೆರಳಿನಿಂದ ಆಳಕ್ಕೆ ಒತ್ತಿ ತುಂಬಿ. ಒಣ ಗೋಡೆಗೆ ಹಸಿ ಮಣ್ಣು ಹಿಡಿಯುವುದಿಲ್ಲ. ತೆಳುವಾಗಿ ಎರಡು ಮೂರು ಸಲ ಮೆತ್ತುವುದೇ ಮೇಲು. ಪೂರ್ತಿ ಆರಿದ ಮೇಲೆ ಮೊದಲ ದಿನ ಪುರಲೆಯ ಸಣ್ಣ ಉರಿ ಸಾಕು.

ಎರಡನೇ, ಮೂರನೇ ಪಾತ್ರೆಯ ಕೆಳಗಿನ ಮಸಿಯನ್ನು ತೆಗೆಯಿರಿ, ಆದರೆ ನೆಲವನ್ನು ಅಗೆದು ತಗ್ಗಿಸಬೇಡಿ. ಬಿಸಿಗಾಳಿ ಪಾತ್ರೆಯ ತಳ ಸವರಿ ಸಾಗಲೆಂದೇ ಆ ಸಂದನ್ನು ಕಿರಿದಾಗಿ ಇಟ್ಟಿರುತ್ತಾರೆ. ಹೊಗೆಕೊಳವೆ ಕಲ್ನಾರಿನದಾಗಿದ್ದರೆ ಗರಗಸ ಹಚ್ಚಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಈ ಕೆಲಸವನ್ನೆಲ್ಲ ಏಪ್ರಿಲ್‌ ಬಿಸಿಲಿನಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮೆತ್ತಿದ ಮಣ್ಣು ಬೇಗ ಆರುವುದಿಲ್ಲ.