ಜೇವರ್ಗಿಯ ಅರ್ಕಾವೊತ್ತು, ಕಮಲಾಪುರದ ಪಹಣಿ

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಬೆಳಗಿನ ಹತ್ತರ ಹೊತ್ತಿಗೆ ನಿಂತು ಬರೀ ಅಕ್ಷರಗಳನ್ನು ನೋಡುತ್ತ ಹೋಗಬೇಕು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆಯ ಒಂದು ಬಸ್ಸಿನ ಹಣೆಯ ಮೇಲೆ ಬಣ್ಣದಲ್ಲಿ ಬರೆದ ತಗಡು, ಅದರ ಪಕ್ಕದ ಬಸ್ಸಿಗೆ ದೀಪದ ಚುಕ್ಕಿಗಳಲ್ಲಿ ಹರಿಯುವ ಫಲಕ. ಕಂಡಕ್ಟರ್ ಕೈಯ ಟಿಕೆಟ್ ಯಂತ್ರದಲ್ಲಿ ಎರಡು ಬೆರಳಗಲದ ಪರದೆ. ಬೆಂಚಿನ ಮೇಲೆ ಕೂತವರ ಕೈಯಲ್ಲಿ ಹತ್ತು ನಮೂನೆಯ ಮೊಬೈಲು. ‘ಕಮಲಾಪುರ, ಹುಮನಾಬಾದ, ಬೀದರ’ ಎಂಬ ಕೂಗಿನ ನಡುವೆ ಅದೇ ಊರ ಹೆಸರುಗಳು ಅಂಗೈಯಲ್ಲಿ ಒಂದಳತೆ, ಗೋಡೆಯ ಮೇಲೆ ಒಂದಳತೆ, ಬಸ್ಸಿನ ಮೇಲೆ ಮತ್ತೊಂದಳತೆ. ಪರದೆಯ ಮೇಲೆ ಕಾಣುವ ಬಟನ್ನು, ಪಟ್ಟಿ, ಚಿತ್ರ, ಅಕ್ಷರಗಳಿಗಾಗಿ ಕೋಡ್ ಬರೆಯುವವರ ದಿನದ ಕೆಲಸದಲ್ಲಿ ದೊಡ್ಡ ಪಾಲು ಇದೇ: ಒಂದೇ ವಸ್ತುವನ್ನು ಹತ್ತು ಅಳತೆಗೆ ಇಳಿಸಬೇಕು, ಎಲ್ಲಿಯೂ ಅದು ಕೆಡಬಾರದು.

ದೀಪದ ಫಲಕದಲ್ಲಿ ಈ ಕಷ್ಟ ಬರಿಗಣ್ಣಿಗೇ ಕಾಣುತ್ತದೆ. ಮೇಲಿನಿಂದ ಕೆಳಗೆ ಹದಿನಾರು ಸಾಲು ದೀಪಗಳಿವೆ ಎಂದುಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರಗಳು ಅಷ್ಟರಲ್ಲಿ ಕಾಲು ಚಾಚಿ ಕೂರುತ್ತವೆ. ಕನ್ನಡಕ್ಕೆ ತಲಕಟ್ಟು ಬೇಕು, ಗುಡಿಸು ಬೇಕು, ಒಡಲು ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಕಲಬುರಗಿ, ಕಮಲಾಪುರ ಎರಡೂ ಒತ್ತಿಲ್ಲದ ಹೆಸರು, ಸಲೀಸಾಗಿ ಹಿಡಿಸುತ್ತವೆ. ಚಿತ್ತಾಪುರ ಬಂದಾಗ ಒಡಲು ಕುಗ್ಗಬೇಕಾಗುತ್ತದೆ. ಯಡ್ರಾಮಿಗೂ ಅದೇ ಪಾಡು. ದೀಪಗಳ ಸಂಖ್ಯೆ ಹೆಚ್ಚಿಸದೆ ಅಕ್ಷರವನ್ನು ಹಿಗ್ಗಿಸುವ ದಾರಿ ಅಲ್ಲಿಲ್ಲ. ಒಂದು ಚುಕ್ಕಿಯನ್ನು ನಾಲ್ಕು ಮಾಡಿದರೆ ಮೆಟ್ಟಿಲು ಮೆಟ್ಟಿಲಾದ ಅಂಚು ಸಿಗುತ್ತದೆಯೇ ಹೊರತು ದುಂಡಗಿನ ‘ರ’ ಸಿಗುವುದಿಲ್ಲ.

ಸೂಪರ್ ಮಾರ್ಕೆಟ್ ಕಡೆಯ ಬೀದಿಗಳಲ್ಲಿ ಇನ್ನೂ ಕುಂಚ ಹಿಡಿದು ಬೋರ್ಡು ಬರೆಯುವವರ ಕೈ ನೋಡಿದರೆ ಇದರ ಎದುರು ವಿದ್ಯೆ ಅರ್ಥವಾಗುತ್ತದೆ. ಚಿಕ್ಕ ಕಾಗದದ ಮೇಲಿನ ಅಕ್ಷರವನ್ನು ಶಟರ್ ಅಗಲಕ್ಕೆ ತರುವಾಗ ಪೇಂಟರ್ ಆ ಕಾಗದವನ್ನು ಎಳೆಯುವುದಿಲ್ಲ. ಚೌಕದ ಗೆರೆ ಹೊಡೆದು, ಬಳುಕು ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂದು ಗುರುತು ಹಾಕಿ, ಆ ಗೋಡೆಗೆಂದೇ ಹೊಸದಾಗಿ ಬರೆಯುತ್ತಾನೆ. ಮೊಬೈಲಿನೊಳಗಿನ ಫಾಂಟು ಮಾಡುವುದು ಇದನ್ನೇ. ಅದರ ಕಡತದಲ್ಲಿ ಅಕ್ಷರದ ಚಿತ್ರ ಇರುವುದಿಲ್ಲ, ಬಳುಕುಗೆರೆಗಳ ನಕ್ಷೆ ಇರುತ್ತದೆ. ಆ ನಕ್ಷೆಯ ಚೌಕವನ್ನು 1000 ಅಥವಾ 2048 ಅಂಶಗಳಾಗಿ ಭಾಗಿಸಿರುತ್ತಾರೆ. ಬೇಕಾದ ಅಳತೆ ತಿಳಿದ ಮೇಲೆ ಯಂತ್ರ ಗುಣಿಸಿ, ಗೆರೆಯೊಳಗೆ ಯಾವ ಪಿಕ್ಸೆಲ್ ಬಿತ್ತು ಎಂದು ಲೆಕ್ಕ ಹಾಕಿ ಬಣ್ಣ ತುಂಬುತ್ತದೆ. ಗೆರೆ ಅರ್ಧಕ್ಕೆ ಹಾದುಹೋದ ಪಿಕ್ಸೆಲ್‌ಗೆ ಅರ್ಧ ಬಣ್ಣ. ಅಂಚು ನುಣುಪಾಗಿ ಕಾಣುವುದು ಈ ಅರೆಬಣ್ಣದಿಂದ.

ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಇಬ್ಬರ ಮೊಬೈಲುಗಳನ್ನು ಹೋಲಿಸಿ ನೋಡೋಣ. ಎರಡೂ 6.5 ಇಂಚಿನವು. ಒಂದರಲ್ಲಿ 720 × 1600 ಪಿಕ್ಸೆಲ್, ಅಂದರೆ ಇಂಚಿಗೆ ಸುಮಾರು 270. ಇನ್ನೊಂದರಲ್ಲಿ 1080 × 2400, ಇಂಚಿಗೆ 400ರ ಮೇಲೆ. ಬಟನ್ನಿನ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬರೆದುಬಿಟ್ಟರೆ ಎರಡನೆಯ ಫೋನಿನಲ್ಲಿ ಅದು ಕುಗ್ಗಿ ಬೆರಳಿಗೆ ಸಿಗದಂತಾಗುತ್ತದೆ. ಅದಕ್ಕೇ ಆಂಡ್ರಾಯ್ಡ್‌ನಲ್ಲಿ ‘ಡಿಪಿ’ ಎಂಬ ಅಳತೆಯಿದೆ: ಇಂಚಿಗೆ 160 ಪಿಕ್ಸೆಲ್ ಇರುವ ಪರದೆಯಲ್ಲಿ ಒಂದು ಡಿಪಿ ಒಂದು ಪಿಕ್ಸೆಲ್, 320ರಲ್ಲಿ ಎರಡು, 480ರಲ್ಲಿ ಮೂರು. ಬಟನ್ನಿಗೆ 48 ಡಿಪಿ ಕೊಡಿ ಎನ್ನುವುದು ಗೂಗಲ್‌ನ ವಿನ್ಯಾಸ ಸೂತ್ರ. ಲೆಕ್ಕ ಹಾಕಿದರೆ ಅದು ಮುಕ್ಕಾಲು ಸೆಂಟಿಮೀಟರಿಗೆ ತುಸು ಮೇಲೆ. ತೊಗರಿ ಹೊಲದಲ್ಲಿ ದುಡಿದು ಚರ್ಮ ಗಡುಸಾದ ಹೆಬ್ಬೆರಳಿಗೆ ಇದಕ್ಕಿಂತ ಕಡಿಮೆ ಕೊಡುವುದು ಅನ್ಯಾಯವೆಂದೇ ನನ್ನ ಎಣಿಕೆ.

ಕಮಲಾಪುರಕ್ಕೆಂದು ನಾನು ಹತ್ತಿದ ಬಸ್ಸು ಹುಮನಾಬಾದ ರಸ್ತೆ ಹಿಡಿಯಿತು. ಬೇಸಿಗೆಯ ಕಲಬುರಗಿ ಬಿಸಿಲು ಕಿಟಕಿಯಿಂದ ನೇರ ಪರದೆಯ ಮೇಲೆ ಬೀಳುತ್ತದೆ. ಮುಂದಿನ ಸೀಟಿನವರು ಮೊಬೈಲಿಗೆ ಅಂಗೈ ಮರೆ ಮಾಡಿ, ಕಣ್ಣು ಕಿರಿದಾಗಿಸಿ, ‘ಕಾಣವಲ್ದು’ ಎನ್ನುತ್ತ ಪಕ್ಕದವರಿಗೆ ಕೊಟ್ಟರು. ಬಿಳಿಯ ಮೇಲೆ ತೆಳು ಬೂದು ಅಕ್ಷರ. ಎಸಿ ಕೋಣೆಯ ಮಾನಿಟರಿನಲ್ಲಿ ಅದು ನಾಜೂಕಾಗಿ ಕಂಡಿರಬೇಕು. ಜಾಲತಾಣಗಳು ಎಲ್ಲರಿಗೂ ಎಟುಕಲಿ ಎಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಲಿ ಎನ್ನುತ್ತದೆ. ಮೇ ತಿಂಗಳ ಮಹಾಗಾಂವ ಕ್ರಾಸಿನಲ್ಲಿ ನಿಂತವರಿಗೆ ಅದೂ ಸಾಲದು.

ಈಗ ‘ಜೇವರ್ಗಿ’ ಎಂಬ ಹೆಸರನ್ನು ಹತ್ತಿರದಿಂದ ನೋಡಬೇಕು. ಕಂಪ್ಯೂಟರಿನ ನೆನಪಿನಲ್ಲಿ ಅದು ಏಳು ಸಂಕೇತಗಳ ಸಾಲು: ಜ, ಏತ್ವದ ದೀರ್ಘ, ವ, ರ, ವಿರಾಮ, ಗ, ಗುಡಿಸು. ಪರದೆಯ ಮೇಲೆ ಬರಬೇಕಾದದ್ದು ಮೂರೇ ಅಕ್ಷರ. ಬಾಯಿ ‘ರ್’ ಅನ್ನು ಮೊದಲು ಹೇಳಿ ‘ಗಿ’ಗೆ ಹೋಗುತ್ತದೆ, ಕಣ್ಣಿಗೆ ಮಾತ್ರ ‘ಗಿ’ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಈ ಹಿಂದುಮುಂದನ್ನು ಯಾರೋ ಮಾಡಬೇಕಲ್ಲ? ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅದನ್ನು ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಸಂಕೇತಗಳ ಸಾಲನ್ನು ಅದು ಅಕ್ಷರ ಅಕ್ಷರವಾಗಿ ಬಿಡಿಸಿ, ‘ರ’ ಮತ್ತು ವಿರಾಮ ಸೇರಿ ಅರ್ಕಾವೊತ್ತಾಗಬೇಕೆಂದು ಗುರುತಿಸಿ, ಅದನ್ನು ಎತ್ತಿ ಕೊನೆಗಿಟ್ಟು, ‘ಗ’ ಮತ್ತು ಗುಡಿಸು ಬೆಸೆದ ‘ಗಿ’ ರೂಪವನ್ನು ಫಾಂಟಿನಿಂದ ತಂದು ಜೋಡಿಸುತ್ತದೆ. ಬಣ್ಣ ತುಂಬುವ ಕೆಲಸ ಶುರುವಾಗುವುದು ಅದರ ನಂತರ. ಈ ಹಂತ ತಪ್ಪಿದ ಕಡೆ ಗುಡಿಸು ನೆಲೆಯಿಲ್ಲದೆ ಚುಕ್ಕೆಗಳ ವೃತ್ತವೊಂದರ ಮೇಲೆ ತೇಲುತ್ತ ನಿಲ್ಲುತ್ತದೆ. ಹಳೆಯ ಮೊಬೈಲುಗಳಲ್ಲಿ ಕನ್ನಡ ಓದಿದವರಿಗೆಲ್ಲ ಆ ವೃತ್ತ ಪರಿಚಿತ.

ಅಕ್ಷರ ಸರಿಯಾಗಿ ಮೂಡಿದರೂ ಪರದೆಯಲ್ಲಿ ಅದನ್ನು ಕೂರಿಸುವ ಪೆಟ್ಟಿಗೆ ಮೋಸ ಮಾಡಬಹುದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಅವರ ಹೆಸರಿನ ‘ಷ್ಟ್ರ’ ನೋಡಿ: ಒಡಲಿನ ಕೆಳಗೆ ಟ-ಒತ್ತು, ಅದಕ್ಕಂಟಿ ರ-ಒತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಇದನ್ನಿಟ್ಟರೆ ಒತ್ತುಗಳ ಬುಡ ಕತ್ತರಿಸಿ ಹೋಗುತ್ತದೆ. ಕೋಡಿನಲ್ಲಿ ಯಾವ ದೋಷವೂ ದಾಖಲಾಗುವುದಿಲ್ಲ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಓದುವವರಿಗೆ ಮಾತ್ರ ಅರ್ಧ ಪದ. ಪರದೆಯ ಜೋಡಣೆ ನಡೆಯುವ ಕ್ರಮದಲ್ಲೇ ಇದಕ್ಕೆ ಮದ್ದಿದೆ. ಹೊರಗಿನ ಪೆಟ್ಟಿಗೆ ಮೊದಲು ಒಳಗಿನವನ್ನು ‘ನಿನಗೆಷ್ಟು ಜಾಗ ಬೇಕು’ ಎಂದು ಕೇಳುತ್ತದೆ, ಒಳಗಿನವು ಅಳೆದು ಹೇಳುತ್ತವೆ, ಆಮೇಲೆ ಜಾಗ ಹಂಚಿಕೆ, ಕೊನೆಗೆ ಚಿತ್ರಣ. ಎತ್ತರವನ್ನು ಕೋಡಿನಲ್ಲಿ ಗಟ್ಟಿಯಾಗಿ ಬರೆದಿಟ್ಟರೆ ಈ ಕೇಳುವಿಕೆಯೇ ನಿಂತುಹೋಗುತ್ತದೆ. ಅಕ್ಷರ ಹೇಳಿದ ಅಳತೆಗೆ ಪೆಟ್ಟಿಗೆ ಬೆಳೆಯಬೇಕು, ಪೆಟ್ಟಿಗೆಯ ಅಳತೆಗೆ ಅಕ್ಷರವನ್ನು ಕತ್ತರಿಸಕೂಡದು.

ಖಾಜಾ ಬಂದೇ ನವಾಜ್ ದರ್ಗಾದ ಸುತ್ತಲಿನ ಓಣಿಗಳ ಉರ್ದು ಫಲಕಗಳೂ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. ಉರ್ದುವಿನ ನಸ್ತಲೀಖ್ ಬರಹ ಬಲದ ಮೇಲ್ತುದಿಯಿಂದ ಎಡದ ಕೆಳತುದಿಗೆ ಇಳಿಜಾರಾಗಿ ಸಾಗುತ್ತದೆ. ಅದಕ್ಕೆ ಬೇಕಾದ ಸಾಲೆತ್ತರ ಕನ್ನಡಕ್ಕಿಂತಲೂ ಹೆಚ್ಚು. ಇಡೀ ಪರದೆಯೂ ಕನ್ನಡಿಯಲ್ಲಿ ಕಂಡಂತೆ ಮಗುಚಬೇಕು: ‘ಹಿಂದೆ’ ಎಂಬ ಬಾಣ ಬಲಕ್ಕೆ ತಿರುಗಬೇಕು, ಗಡಿಯಾರದ ಚಿತ್ರ ಮಾತ್ರ ತಿರುಗಬಾರದು. ಕಲಬುರಗಿಯಲ್ಲಿ ನಡೆಯುವ ಆ್ಯಪ್ ಈ ಎರಡು ಲಿಪಿಗೂ ತಲೆಬಾಗಲೇಬೇಕು.

ಕಲಬುರಗಿಯಿಂದ 35 ಕಿ.ಮೀ. ಆಸುಪಾಸಿನಲ್ಲಿ ಕಮಲಾಪುರ. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಿದೆ, ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಸಿಕ್ಕಿತು. ಗೊನೆಯ ಫೋಟೊ ತೆಗೆದು ದೂರದ ವ್ಯಾಪಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಈಗ ಸಾಮಾನ್ಯ. ಉದ್ದನೆಯ ಆ ಫೋಟೊವನ್ನು ಒಂದು ಮಾರಾಟದ ಆ್ಯಪ್‌ನ ಚೌಕದ ಕಿಂಡಿಗೆ ಹಾಕುವಾಗ ಮೂರು ದಾರಿ. ಅಗಲಕ್ಕೆ ಎಳೆದು ತುಂಬಿದರೆ ಹಣ್ಣು ಇದ್ದುದಕ್ಕಿಂತ ದಪ್ಪ ಕಾಣುತ್ತದೆ, ನೋಡಿ ದರ ಕಟ್ಟುವವನಿಗೆ ಸುಳ್ಳು ಹೇಳಿದಂತೆ. ನಡುವನ್ನಷ್ಟೇ ಉಳಿಸಿ ಮೇಲೆ ಕೆಳಗೆ ಕತ್ತರಿಸಿದರೆ ಗೊನೆಯಲ್ಲಿ ಎಷ್ಟು ಚಿಪ್ಪಿದೆ ಎಂದು ತಿಳಿಯುವುದಿಲ್ಲ. ಇಡೀ ಚಿತ್ರ ಹಿಡಿಸುವಂತೆ ಕುಗ್ಗಿಸಿ ಎರಡು ಬದಿ ಖಾಲಿ ಬಿಟ್ಟರೆ ಅಂದ ತುಸು ಕಡಿಮೆ, ಸತ್ಯ ಪೂರ್ತಿ. ಸರಕಿನ ಚಿತ್ರಕ್ಕೆ ನಾನಂತೂ ಮೂರನೆಯದನ್ನೇ ಆರಿಸುತ್ತೇನೆ.

ರಸ್ತೆಬದಿಯ ಆನ್‌ಲೈನ್ ಕೇಂದ್ರದಲ್ಲಿ ಪಹಣಿಗಾಗಿ ಸಾಲು. ವಯಸ್ಸಾದ ರೈತರೊಬ್ಬರು ಮಗ ಕಳಿಸಿದ ಪಹಣಿಯ ಪಿಡಿಎಫ್ ಅನ್ನು ಮೊಬೈಲಿನಲ್ಲೇ ತೆರೆದಿದ್ದರು. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಖರಾಬು, ಋಣ ಎಂಬ ಕಾಲಂಗಳು ಇರುವೆ ಸಾಲಾಗಿ ಕಂಡವು. ಅವರು ಎರಡು ಬೆರಳಿಟ್ಟು ಅಗಲಿಸಿದರು. ಅಕ್ಷರ ದೊಡ್ಡದಾಯಿತು, ಆದರೆ ಮಸುಕಾಗಿ, ನೀರಿನೊಳಗಿಂದ ನೋಡಿದ ಹಾಗೆ. ಬೆರಳು ಎತ್ತಿದ ಮರುಕ್ಷಣ ಅದೇ ಅಕ್ಷರಗಳು ಗಕ್ಕನೆ ತಿಳಿಯಾದವು. ದಿನಾ ನೋಡುವ ಈ ಚಿಕ್ಕ ಘಟನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬೆರಳು ಚಲಿಸುತ್ತಿರುವಾಗ ಪರದೆ ಸೆಕೆಂಡಿಗೆ 60 ಸಲ ಬದಲಾಗಬೇಕು, ಒಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಪುಟವನ್ನೆಲ್ಲ ಹೊಸದಾಗಿ ಬರೆಯುವುದು ಕಷ್ಟ, ಅಗ್ಗದ ಫೋನಿಗಂತೂ ಆಗದ ಮಾತು. ಹಾಗಾಗಿ ಮೊದಲೇ ಬರೆದಿಟ್ಟ ಚಿತ್ರವನ್ನೇ ಗ್ರಾಫಿಕ್ಸ್ ಚಿಪ್ಪು ಹಿಗ್ಗಿಸಿ ತೋರಿಸುತ್ತದೆ. ಬೆರಳು ನಿಂತ ಮೇಲೆ ತಂತ್ರಾಂಶ ಪುರಸೊತ್ತಿನಿಂದ ಬಳುಕುಗೆರೆಗಳಿಗೆ ಮರಳಿ, ಹೊಸ ಅಳತೆಗೆ ಮತ್ತೆ ಬಣ್ಣ ತುಂಬುತ್ತದೆ. ಸ್ಕ್ಯಾನ್ ಮಾಡಿದ ಹಾಳೆಯಾಗಿದ್ದರೆ ಮರಳಲು ಗೆರೆಗಳೇ ಇರುವುದಿಲ್ಲ, ಎಷ್ಟು ಕಾದರೂ 3 ಯಾವುದು 8 ಯಾವುದು ತಿಳಿಯದು. ಗುಂಟೆಯ ಕಾಲಮಿನಲ್ಲಿ ಆ ಗೊಂದಲ ಜಗಳಕ್ಕೆ ದಾರಿ.

ಕೇಂದ್ರದ ಕಂಪ್ಯೂಟರ್ ಮುಂದೆ ಕೂತ ಹುಡುಗ ಇನ್ನೊಬ್ಬರ ಅರ್ಜಿ ತುಂಬುತ್ತಿದ್ದ. ‘ಜರಾ ದೊಡ್ಡದ್ ಮಾಡ್ರಿ, ಹೆಸರು ಓದ್ತೀನಿ’ ಎಂದರು ಅರ್ಜಿದಾರರು. ಅವನು ಝೂಮ್ 150ಕ್ಕೆ ಏರಿಸಿದ. ಈ ಕ್ಷಣದಲ್ಲಿ ಎಷ್ಟೋ ತಂತ್ರಾಂಶಗಳು ಎಡವುತ್ತವೆ. ಪ್ರೋಗ್ರಾಮರ್ ಬಟನ್ನಿನ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿ, ಕ್ಲಿಕ್ಕನ್ನು ಗುರುತಿಸುವ ಜಾಗವನ್ನು ಹಳೆಯ ಅಳತೆಯಲ್ಲೇ ಬಿಟ್ಟಿದ್ದರೆ, ಕಾಣುವ ಬಟನ್ ಒಂದು ಕಡೆ, ಕೆಲಸ ಮಾಡುವ ಬಟನ್ ಇನ್ನೊಂದು ಕಡೆ. ಚಿತ್ರಿಸುವಾಗ 1.5ರಿಂದ ಗುಣಿಸಿದ್ದರೆ, ಕ್ಲಿಕ್ ಬಂದಾಗ ಅದೇ 1.5ರಿಂದ ಭಾಗಿಸಬೇಕು: ಪರದೆಯ 300ನೇ ಬಿಂದುವಿನಲ್ಲಿ ಒತ್ತಿದ್ದು ಬಟನ್ನಿನ ಲೆಕ್ಕದಲ್ಲಿ 200. ಗುಣಿಸಿದ್ದನ್ನು ಭಾಗಿಸಿ ಹಿಂದಿರುಗುವ ಈ ಶಿಸ್ತು ಪುಸ್ತಕದಲ್ಲಿ ಒಂದೇ ಸಾಲು. ಇಲ್ಲಿ ಅದು ತಪ್ಪಿದರೆ ‘ಸಲ್ಲಿಸಿ’ ಒತ್ತಿದವರ ಅರ್ಜಿ ‘ರದ್ದು’ ಆಗಿಬಿಡಬಹುದು.

ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1958ರಲ್ಲಿ. ಇಲ್ಲಿ ಓದಿ ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಪರದೆ ಕಟ್ಟುವ ಕೆಲಸಕ್ಕೆ ಹೋಗುವ ಮಕ್ಕಳಿದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಪರೀಕ್ಷೆಗೆಂದು ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬುವ ಬದಲು ಜೇವರ್ಗಿ, ಯಡ್ರಾಮಿ, ರಾಷ್ಟ್ರಕೂಟ ಎಂದು ತುಂಬಿ. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ. 2023ರ ಆಂಡ್ರಾಯ್ಡ್ 14ರಿಂದ ಅದು 200 ಪ್ರತಿಶತದವರೆಗೆ ಹೋಗುತ್ತದೆ, ಅದೂ ಜಾಣತನದಿಂದ: ಚಿಕ್ಕ ಅಕ್ಷರ ಹೆಚ್ಚು ಬೆಳೆಯುತ್ತದೆ, ಮೊದಲೇ ದೊಡ್ಡದಿದ್ದ ಶೀರ್ಷಿಕೆ ಕಡಿಮೆ ಬೆಳೆಯುತ್ತದೆ. ಕಮಲಾಪುರದ ಎಷ್ಟೋ ಹಿರಿಯರ ಫೋನು ಯಾವಾಗಲೂ ಆ ಗಾತ್ರದಲ್ಲೇ ಇರುತ್ತದೆ.

ಅತ್ತ ಕೇಂದ್ರದ ಹುಡುಗ ಝೂಮನ್ನು ಇನ್ನೊಂದು ಹಂತ ಏರಿಸಿದ. ಅಕ್ಕಪಕ್ಕ ಇದ್ದ ಎರಡು ಬಟನ್‌ಗಳು ಒಂದರ ಕೆಳಗೊಂದು ಬಂದವು, ‘ಅರ್ಜಿ ಸಲ್ಲಿಸಿ’ ಒಡೆದು ಎರಡು ಸಾಲಾಯಿತು, ಪೆಟ್ಟಿಗೆಯೂ ಅಷ್ಟೇ ಎತ್ತರವಾಯಿತು. ಅರ್ಜಿದಾರರು ತಮ್ಮ ಹೆಸರನ್ನೂ ಅಪ್ಪನ ಹೆಸರನ್ನೂ ಗಟ್ಟಿಯಾಗಿ ಓದಿ, ಒಂದು ಒತ್ತು ಬಿಟ್ಟುಹೋಗಿದೆ ಎಂದು ಬೆರಳಿಟ್ಟು ತೋರಿಸಿದರು. ಅವನು ತಿದ್ದಿದ.