ಗಾಜಿನ ತೊಟ್ಟಿಯಲ್ಲಿ ಗಿಡ ಬೆಳೆಸೋಣ ಬನ್ನಿ



ಹೋದ ದಸರಾ ರಜೆಯಲ್ಲಿ ನಮ್ಮ ಮಾವ ದಾವಣಗೆರೆಯಿಂದ ಒಂದು ಗಾಜಿನ ಮೀನಿನ ತೊಟ್ಟಿ ತಂದುಕೊಟ್ಟರು. ಉದ್ದ ಒಂದೂವರೆ ಅಡಿ, ಅಗಲ ಹತ್ತು ಇಂಚು, ಎತ್ತರ ಹತ್ತು ಇಂಚು. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಆರು ಗಪ್ಪಿ ಮೀನು. ನನ್ನ ತಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಗಾಳಿ ಬಿಡುವ ಮೋಟಾರು ಮಾತ್ರ ಇರಲಿಲ್ಲ. ಇದ್ದಿದ್ದರೂ ನಮ್ಮೂರ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಆಗ ನಾನು ದೊಡ್ಡ ಪಂಡಿತಳ ಹಾಗೆ ಹೇಳಿದೆ: “ಮೋಟಾರು ಯಾಕೋ? ಗಿಡ ಹಾಕಿದ್ರೆ ಆಮ್ಲಜನಕ ತಾನಾಗೇ ಬರುತ್ತೆ. ನಮ್ಮ ಪುಸ್ತಕದಲ್ಲೇ ಇದೆ.”

ಶನಿವಾರ ಕೆರೆಗೆ ಹೋಗಿ ಒಂದು ಬಕೆಟ್ ತುಂಬ ಗಿಡ ತಂದೆವು. ಹೈಡ್ರಿಲ್ಲಾವನ್ನು ಕಾಫಿಪುಡಿ ಡಬ್ಬಿಗೆ ತುರುಕಿದ ಹಾಗೆ ತೊಟ್ಟಿಗೆ ತುರುಕಿದೆವು. ಚೆಂದ ಕಾಣಲಿ ಅಂತ ಮೇಲೆಲ್ಲ ಅಂತರಗಂಗೆ ತೇಲಿಬಿಟ್ಟೆವು. ಬೆಕ್ಕು ಬರಬಾರದೆಂದು ಒಂದು ಹಲಗೆ ಮುಚ್ಚಿದೆವು. ತೊಟ್ಟಿ ಇಟ್ಟಿದ್ದು ನಡುಮನೆಯ ಕತ್ತಲೆ ಮೂಲೆಯಲ್ಲಿ.

ಸೋಮವಾರ ಬೆಳಿಗ್ಗೆ ನಾಲ್ಕು ಮೀನು ಸತ್ತು ತೇಲುತ್ತಿದ್ದವು. ಉಳಿದ ಎರಡು ನೀರಿನ ಮೇಲಕ್ಕೆ ಬಂದು ಬಾಯಿ ಪಟಪಟ ಅನ್ನಿಸುತ್ತಿದ್ದವು. ತಮ್ಮ ಅಳುತ್ತಾ ಕೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ: “ಅಕ್ಕ, ಪುಸ್ತಕ ಸುಳ್ಳು ಹೇಳುತ್ತಾ?”

ಅದನ್ನೇ ನಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿದೆ. ಅವರು, “ಪುಸ್ತಕ ಸುಳ್ಳು ಹೇಳಿಲ್ಲ ಕಣಮ್ಮ. ನೀನು ಅರ್ಧ ಓದಿದ್ದೀಯ” ಅಂದರು. ಉಳಿದ ಅರ್ಧ ಏನು ಅಂತ ತಿಳಿದುಕೊಂಡು ಇಲ್ಲಿ ಬರೆದಿದ್ದೇನೆ.

ಎಲ್ಲಿ ತಪ್ಪಿತು?

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ, ಮೇಣದ ಬತ್ತಿ ಉರಿದು ಕೆಟ್ಟುಹೋದ ಗಾಳಿಯನ್ನು ಪುದೀನ ಗಿಡ ಸರಿಮಾಡುತ್ತದೆ ಎಂದು ಕಂಡುಕೊಂಡರು. 1779ರಲ್ಲಿ ಹಾಲೆಂಡಿನ ಯಾನ್ ಇಂಗೆನ್‌ಹೌಸ್ ನೀರಿನಲ್ಲಿ ಮುಳುಗಿದ ಗಿಡಗಳನ್ನಿಟ್ಟು ಪರೀಕ್ಷೆ ಮಾಡಿದರು. ಬಿಸಿಲಿನಲ್ಲಿ ಎಲೆಗಳಿಂದ ಗುಳ್ಳೆ ಏಳುತ್ತಿತ್ತು, ಕತ್ತಲೆಯಲ್ಲಿ ನಿಲ್ಲುತ್ತಿತ್ತು. ಕತ್ತಲೆಯಲ್ಲಿ ಗಿಡ ಗಾಳಿಯನ್ನು ಕೆಡಿಸುತ್ತದೆ ಎಂಬುದನ್ನೂ ಅವರೇ ತೋರಿಸಿದರು.

ಅಂದರೆ ಗಿಡ ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ. ಉಸಿರಾಡುವುದು ಹಗಲೂ ರಾತ್ರಿ. ರಾತ್ರಿ ಮೀನೂ ಆಮ್ಲಜನಕ ತಗೊಳ್ಳುತ್ತೆ, ಗಿಡವೂ ತಗೊಳ್ಳುತ್ತೆ. ಕೊಡುವವರು ಯಾರೂ ಇಲ್ಲ! ಹಾಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ.

ನೀರಿನಲ್ಲಿ ಆಮ್ಲಜನಕ ಹಿಡಿಯುವುದೇ ಸ್ವಲ್ಪ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗುತ್ತದೆ. 30 ಡಿಗ್ರಿ ಆದರೆ ಸುಮಾರು ಏಳೂವರೆ ಮಿಲಿಗ್ರಾಂ. ರಾತ್ರಿ ಖರ್ಚಾದದ್ದನ್ನು ತುಂಬಿಕೊಳ್ಳಲು ಇರುವ ಒಂದೇ ಬಾಗಿಲು ನೀರಿನ ಮೇಲ್ಮೈ. ಅಲ್ಲಿಂದಲೇ ಹೊರಗಿನ ಗಾಳಿ ಕರಗಬೇಕು. ಆ ಬಾಗಿಲಿಗೆ ನಾನು ಅಂತರಗಂಗೆ ಹೊದಿಸಿ, ಮೇಲೆ ಹಲಗೆ ಬೇರೆ ಮುಚ್ಚಿದ್ದೆ. ಕೆಳಗಿನ ಹೈಡ್ರಿಲ್ಲಾಗೆ ಬೆಳಕು ಸಿಗದೆ ಅದು ಕೊಳೆಯಲು ಶುರುವಾಗಿತ್ತು. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕಲ್ಲ! ಮೀನಿಗೆ ಉಳಿದದ್ದೇನು?

ಈ ಪೆಟ್ಟು ತಿಂದವಳು ನಾನೊಬ್ಬಳೇ ಅಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಯಲ್ಲಿ ಚಿನ್ನದ ಮೀನು ಮತ್ತು ವ್ಯಾಲಿಸ್ನೇರಿಯಾ ಗಿಡ ಇಟ್ಟಿದ್ದರು. ಕೆಲವು ದಿನಕ್ಕೆ ಹಳೆಯ ಎಲೆ ಕೊಳೆತು ನೀರು ಕದಡಿತು. ಆಮೇಲೆ ಅವರು ಕೊಳೆತ ಎಲೆ ಮತ್ತು ಪಾಚಿ ತಿನ್ನುವ ಬಸವನಹುಳು ಬಿಟ್ಟರು. ಆಗ ಸರಿಹೋಯಿತು. ಇದನ್ನು 1850ರಲ್ಲಿ ಪ್ರಕಟಿಸಿದರು. ‘ಅಕ್ವೇರಿಯಂ’ ಎಂಬ ಹೆಸರನ್ನು ಜನಪ್ರಿಯ ಮಾಡಿದ್ದು 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ.

ಯಾವ ಗಿಡ ಆರಿಸಬೇಕು?

ಹೈಡ್ರಿಲ್ಲಾ: ನಮ್ಮ ಕೆರೆ, ನಾಲೆಯಲ್ಲಿ ಬೇಕಾದಷ್ಟಿದೆ. ಒಂದು ಗೆಣ್ಣಿನ ಸುತ್ತ ನಾಲ್ಕೈದು ಚಿಕ್ಕ ಎಲೆ. ಬೆರಳಲ್ಲಿ ಸವರಿದರೆ ಅಂಚು ಗರಗಸದ ಹಾಗೆ ಒರಟು. ಬೇಗ ಬೆಳೆಯುವುದರಿಂದ ನೀರಿನ ಕೊಳೆಯನ್ನು ಬೇಗ ಹೀರುತ್ತದೆ. ಆದರೆ ವಾರಕ್ಕೊಮ್ಮೆ ಕತ್ತರಿಸಲೇಬೇಕು.

ವ್ಯಾಲಿಸ್ನೇರಿಯಾ: ರಿಬ್ಬನ್ನಿನ ಹಾಗೆ ಉದ್ದ ಎಲೆ. ನೀರಿನ ಮೂಲಕ ಪರಾಗಸ್ಪರ್ಶ ಆಗುವುದಕ್ಕೆ ಪುಸ್ತಕದಲ್ಲಿ ಉದಾಹರಣೆ ಕೊಡುತ್ತಾರಲ್ಲ, ಅದೇ ಇದು. ಗಂಡು ಹೂ ಬಿಡಿಸಿಕೊಂಡು ನೀರಿನ ಮೇಲೆ ತೇಲುತ್ತಾ ಹೋಗಿ ಹೆಣ್ಣು ಹೂವನ್ನು ಮುಟ್ಟುತ್ತದೆ. ಆಮೇಲೆ ಹೆಣ್ಣು ಹೂವಿನ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ನೀರೊಳಗೆ ಇಳಿಯುತ್ತದೆ. ಮರಳಿನಲ್ಲಿ ಬಳ್ಳಿ ಹರಿಸಿ ಮರಿ ಹಾಕುತ್ತಾ ಹೋಗುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೂ ಜಗ್ಗದ ಗಿಡಗಳು ಇವೆರಡೂ.

ಸೆರಟೋಫಿಲ್ಲಮ್: ಬಾಟಲಿ ತೊಳೆಯುವ ಬ್ರಷ್ಷಿನ ಹಾಗಿರುತ್ತದೆ. ಇದಕ್ಕೆ ಬೇರೇ ಇಲ್ಲ! ನೆಡುವ ಕಷ್ಟವೂ ಇಲ್ಲ. ಒಂದೆರಡು ಕಡ್ಡಿ ತೇಲಿಬಿಟ್ಟರೆ ಸಾಕು.

ಕ್ರಿಪ್ಟೋಕೊರೈನ್: ಬೆಳಕು ಕಡಿಮೆ ಇದ್ದರೂ ತಡೆದುಕೊಳ್ಳುವ ಗಿಡ್ಡ ಗಿಡ. ಅಂಗಡಿಯಲ್ಲಿ ಸಿಗುವ ಒಂದು ಜಾತಿಯ ಮೂಲ ಶ್ರೀಲಂಕಾ. ಇದರ ಬಂಧುಗಳು ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇವೆ. ಪ್ರವಾಸಕ್ಕೆ ಹೋದಾಗ ಕಿತ್ತು ತರಬೇಡಿ, ಅವು ಅಲ್ಲೇ ಇರಲಿ. ಹೊಸದಾಗಿ ನೆಟ್ಟಾಗ ಇದರ ಎಲೆಯೆಲ್ಲ ಕರಗಿಹೋಗಬಹುದು. ಸತ್ತಿತು ಅಂತ ಕಿತ್ತುಹಾಕಬೇಡಿ. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಜಾವಾ ಫರ್ನ್: ಇದನ್ನು ಮರಳಿನಲ್ಲಿ ಹೂಳಬಾರದು. ಹೂತರೆ ಅಡ್ಡಕಾಂಡ ಕೊಳೆಯುತ್ತದೆ. ಒಂದು ಕಲ್ಲಿಗೆ ದಾರದಿಂದ ಕಟ್ಟಿಬಿಡಿ, ತಾನೇ ಕಚ್ಚಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ನೆಲದ ಮೇಲೆ ಬೆಳೆಯುವ ಗಿಡಗಳನ್ನೂ ನೀರಿನ ಗಿಡ ಅಂತ ಮಾರುವುದುಂಟು. ಅವು ಕೆಲವು ವಾರ ಹಸಿರಾಗಿದ್ದು ಆಮೇಲೆ ಕೊಳೆಯುತ್ತವೆ. ನೀರಿನಿಂದ ಎತ್ತಿದಾಗ ನೆಟ್ಟಗೆ ನಿಲ್ಲುವ ಗಟ್ಟಿ ಗಿಡ ಕಂಡರೆ ಒಮ್ಮೆ ಅನುಮಾನಪಡಿ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎತ್ತಿದರೆ ಒದ್ದೆ ದಾರದ ಹಾಗೆ ಜೋತುಬೀಳುತ್ತವೆ. ಅವುಗಳನ್ನು ಹೊತ್ತು ನಿಲ್ಲಿಸುವುದೇ ನೀರು.

ಜೋಡಿಸುವ ಕ್ರಮ

1. ಜಾಗ: ಕಿಟಕಿಯ ಹತ್ತಿರ ಇಡಿ, ಆದರೆ ನೇರ ಬಿಸಿಲು ಬೀಳಬಾರದು. ಚಿಕ್ಕ ತೊಟ್ಟಿ ಬೇಗ ಬಿಸಿಯಾಗುತ್ತದೆ, ನೀರೂ ಪಾಚಿಯಿಂದ ಹಸಿರಾಗುತ್ತದೆ. ಬೆಳಕು ಸಾಲದಿದ್ದರೆ ಮೇಲೊಂದು ಎಲ್‌ಇಡಿ ಬಲ್ಬನ್ನು ದಿನಕ್ಕೆ ಆರರಿಂದ ಎಂಟು ಗಂಟೆ ಹಾಕಬಹುದು. ನಮ್ಮ ತೊಟ್ಟಿಯಲ್ಲಿ ನೀರು ಸುಮಾರು 22 ಲೀಟರ್, ಅಂದರೆ 22 ಕಿಲೋ. ಮರಳೂ ಸೇರಿದರೆ 30 ಕಿಲೋ ದಾಟುತ್ತದೆ. ಅಲುಗಾಡುವ ಸ್ಟೂಲಿನ ಮೇಲೆ ಇಟ್ಟೀರಿ ಜೋಕೆ!

2. ಮರಳು: ದಪ್ಪ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆಯಿರಿ. ತೊಳೆದ ನೀರು ತಿಳಿಯಾಗುವ ತನಕ ಬಿಡಬೇಡಿ. ಮುಂದೆ ಎರಡು ಬೆರಳಿನಷ್ಟು, ಹಿಂದೆ ನಾಲ್ಕು ಬೆರಳಿನಷ್ಟು, ಇಳಿಜಾರಾಗಿ ಹರಡಿ. ಬೇರಿಗೆ ಆಳ ಸಿಗುತ್ತದೆ, ಕಸವೂ ಜಾರಿ ಮುಂದೆ ಬಂದು ಕಣ್ಣಿಗೆ ಬೀಳುತ್ತದೆ.

3. ನೀರು: ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅದರ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ. ಮರಳಿನ ಮೇಲೆ ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ಮೊದಲು ಅರ್ಧ ಮಾತ್ರ ತುಂಬಿಸಿ. ಗಿಡ ನೆಡಲು ಅದೇ ಸುಲಭ.

4. ಗಿಡ ತೊಳೆಯುವುದು: ಕೆರೆಯ ಗಿಡದಲ್ಲಿ ಜಿಗಣೆ, ಕೊಡತಿ ಹುಳ (ಏರೋಪ್ಲೇನ್ ಚಿಟ್ಟೆ) ಇವುಗಳ ಮರಿಗಳೂ ಬರುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆಯುವಾಗ ಸಣ್ಣ ಮೀನನ್ನೇ ಹಿಡಿದು ತಿನ್ನುತ್ತದೆ. ಅದಕ್ಕೇ ಗಿಡವನ್ನು ಒಂದು ವಾರ ಬಕೆಟ್ಟಿನಲ್ಲಿಟ್ಟು, ದಿನಾ ನೀರು ಬದಲಿಸಿ, ಹುಳ ಹೆಕ್ಕಿ ತೆಗೆಯಿರಿ.

5. ನೆಡುವುದು: ಮದುವೆ ಮನೆಯಲ್ಲಿ ಫೋಟೋ ತೆಗೆಸಲು ನಿಂತ ಹಾಗೆ ನಿಲ್ಲಿಸಿ. ಎತ್ತರದವರು ಹಿಂದೆ, ಗಿಡ್ಡದವರು ಮುಂದೆ. ವ್ಯಾಲಿಸ್ನೇರಿಯಾವನ್ನು ಹಿಂದಿನ ಸಾಲಿನಲ್ಲಿ ಎರಡೆರಡು ಬೆರಳು ಅಂತರ ಬಿಟ್ಟು ನೆಡಿ. ಬೇರು ಮಾತ್ರ ಒಳಗಿರಲಿ, ಎಲೆ ಹುಟ್ಟುವ ಬುಡ ಮರಳಿನ ಮೇಲೇ ಕಾಣಬೇಕು. ಹೈಡ್ರಿಲ್ಲಾವನ್ನು ಒಂದು ಗೇಣುದ್ದ ಕತ್ತರಿಸಿ, ಕೆಳಗಿನ ಎರಡು ಇಂಚಿನ ಎಲೆ ಸವರಿ, ನಾಲ್ಕೈದು ಕಡ್ಡಿ ಸೇರಿಸಿ ಎರಡು ಮೂಲೆಯಲ್ಲಿ ನೆಡಿ. ಗೆಣ್ಣಿನಲ್ಲಿ ಬೇರು ಬರುತ್ತದೆ. ಫರ್ನ್ ಕಟ್ಟಿದ ಕಲ್ಲನ್ನು ನಟ್ಟನಡುವೆ ಇಡದೆ ಸ್ವಲ್ಪ ಪಕ್ಕಕ್ಕಿಡಿ. ಕ್ರಿಪ್ಟೋಕೊರೈನ್ ಕಲ್ಲಿನ ಮುಂದೆ. ಮಧ್ಯದಲ್ಲಿ ಮೀನು ಈಜಲು ಬಯಲು ಬಿಡಿ. ಮೇಲ್ಮೈ ಆದಷ್ಟೂ ತೆರೆದಿರಲಿ. ಬೆಕ್ಕಿನ ಭಯವಿದ್ದರೆ ಹಲಗೆ ಬೇಡ, ಸೊಳ್ಳೆ ಪರದೆಯ ಜಾಲರಿ ಕಟ್ಟಿ.

6. ಕಾಯುವುದು: ಇದೇ ಎಲ್ಲಕ್ಕಿಂತ ಕಷ್ಟ! ಮೀನಿನ ಹೇಲು ಮತ್ತು ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಮರಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟೂ ಮೀನಿಗೆ ವಿಷವೇ, ನೈಟ್ರೇಟ್ ಅಷ್ಟಿಲ್ಲ. ಗಿಡ ಅಮೋನಿಯಾವನ್ನೂ ನೈಟ್ರೇಟನ್ನೂ ಗೊಬ್ಬರವಾಗಿ ಹೀರುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲು ಕೆಲವು ವಾರ ಬೇಕು. ಗಿಡ ನೆಟ್ಟು ಹೊಸ ಚಿಗುರು ಕಂಡ ಮೇಲೆ ಮೊದಲು ಒಂದೆರಡು ಮೀನು ಬಿಡಿ. ಉಳಿದವು ಆಮೇಲೆ. ನಮ್ಮಂಥ ತೊಟ್ಟಿಗೆ ಐದಾರು ಗಪ್ಪಿ ಸಾಕು. ಚಿನ್ನದ ಮೀನು ದೊಡ್ಡದಾಗುತ್ತದೆ, ಗಿಡವನ್ನೂ ಮೇಯುತ್ತದೆ. ಅದು ಬೇಡ.

ಅಜ್ಜಿಯ ಪ್ರಶ್ನೆ

“ಗಿಡ ಅಂದ್ಮೇಲೆ ಗೊಬ್ಬರ ಬೇಡ್ವೇನೇ? ಒಂದು ಹಿಡಿ ಸಗಣಿ ಹಾಕು” ಅಂದರು ನಮ್ಮಜ್ಜಿ. ದಯವಿಟ್ಟು ಹಾಕಬೇಡಿ! ಸಗಣಿ, ಯೂರಿಯಾ ಎರಡೂ ಅಮೋನಿಯಾ ಹೆಚ್ಚಿಸಿ ಮೀನನ್ನು ಕೊಲ್ಲುತ್ತವೆ. ಚಿಕ್ಕ ತೊಟ್ಟಿಗೆ ಮೀನಿನ ಹೇಲೇ ಗೊಬ್ಬರ. ಬದಲಿಗೆ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಅದನ್ನು ದಾಸವಾಳದ ಗಿಡಕ್ಕೆ ಹಾಕಿ. ನಮ್ಮಜ್ಜಿ ಈಗ ಆ ನೀರಿಗೆ ಕಾದು ಕೂತಿರುತ್ತಾರೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಹಳದಿಯಾದ ಎಲೆಯನ್ನು ಆಗಿಂದಾಗ್ಗೆ ತೆಗೆಯಿರಿ.

ಕೆಲವರ ತೊಟ್ಟಿಯಲ್ಲಿ ಹೈಡ್ರಿಲ್ಲಾ ಎಲೆಯ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ರೋಗವಲ್ಲ. ಗಡಸು ನೀರಿನ ಬೈಕಾರ್ಬೊನೇಟಿನಿಂದ ಗಿಡ ಇಂಗಾಲವನ್ನು ಎಳೆದುಕೊಂಡಾಗ ಸುಣ್ಣ ಉಳಿದು ಅಂಟಿಕೊಳ್ಳುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅದೂ ಸುಣ್ಣವೇ.

ನೀವೇ ಮಾಡಿ ನೋಡಿ

ಒಂದು ಹೈಡ್ರಿಲ್ಲಾ ಕಡ್ಡಿಯನ್ನು ಕತ್ತರಿಸಿ, ಕತ್ತರಿಸಿದ ತುದಿ ಮೇಲಾಗಿ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ. ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ ಬಿಸಿಲಿಗಿಡಿ. ತುದಿಯಿಂದ ಗುಳ್ಳೆ ಸಾಲಾಗಿ ಏಳುತ್ತದೆ. ಒಂದು ನಿಮಿಷಕ್ಕೆ ಎಷ್ಟು ಅಂತ ಎಣಿಸಿ. ಆಮೇಲೆ ಲೋಟಕ್ಕೆ ಸ್ಲೇಟು ಮರೆಮಾಡಿ ಮತ್ತೆ ಎಣಿಸಿ. ನಾನು ಈ ಪರೀಕ್ಷೆಯನ್ನು ಆ ಶನಿವಾರವೇ ಮಾಡಿದ್ದರೆ ನಾಲ್ಕು ಮೀನು ಉಳಿಯುತ್ತಿದ್ದವು.

ಒಂದು ಕೋರಿಕೆ

ಕತ್ತರಿಸಿದ ಗಿಡವನ್ನು, ಅದರಲ್ಲೂ ಅಂಗಡಿಯಿಂದ ತಂದದ್ದನ್ನು, ಕೆರೆಗೋ ನಾಲೆಗೋ ಎಸೆಯಬೇಡಿ. ಒಣಗಿಸಿ ತಿಪ್ಪೆಗೆ ಹಾಕಿ. ನಮ್ಮ ಹೈಡ್ರಿಲ್ಲಾ 1950ರ ದಶಕದಲ್ಲಿ ತೊಟ್ಟಿಯ ಗಿಡವಾಗಿ ಅಮೆರಿಕದ ಫ್ಲಾರಿಡಾಕ್ಕೆ ಹೋಯಿತು. ಅಲ್ಲಿನ ನೀರಿಗೆ ಸೇರಿ, ಕೆರೆ ಕಾಲುವೆಗಳನ್ನೆಲ್ಲ ಕಟ್ಟಿಹಾಕುವ ಕಳೆಯಾಯಿತು. ಹಾಗೇ ಅಮೆರಿಕ ಖಂಡದ ಕ್ಯಾಬೊಂಬ ಎಂಬ ತೊಟ್ಟಿಯ ಗಿಡ ಈಗ ಕೇರಳದ ಕಾಲುವೆಗಳಲ್ಲಿ ಹಬ್ಬಿದೆ. ಒಂದೂರಿನ ಚೆಂದದ ಗಿಡ ಇನ್ನೊಂದೂರಿಗೆ ಕಾಟ.

ಕೊನೆಯ ಸುದ್ದಿ

ಬದುಕುಳಿದ ಎರಡು ಗಪ್ಪಿಯಲ್ಲಿ ಒಂದು ಹೆಣ್ಣು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಆದರೆ ತನ್ನ ಮರಿಯನ್ನು ತಾನೇ ತಿಂದುಬಿಡುತ್ತದೆ! ಹೋದ ವಾರ ಬೆಳಿಗ್ಗೆ ತಮ್ಮ ಕೂಗಿದ: “ಅಕ್ಕಾ, ಬಾ ಇಲ್ಲಿ!” ಮೂಲೆಯ ಹೈಡ್ರಿಲ್ಲಾ ಪೊದೆಯೊಳಗೆ ಸಾಸಿವೆಗಿಂತ ಚೂರು ಉದ್ದದ ಏಳು ಮರಿಗಳು ಅಡಗಿ ಕೂತಿದ್ದವು. ದೊಡ್ಡ ಮೀನು ಅಲ್ಲಿ ನುಗ್ಗಲಾರದು. ಗಿಡ ಉಸಿರನ್ನಷ್ಟೇ ಅಲ್ಲ, ಮನೆಯನ್ನೂ ಕೊಟ್ಟಿತ್ತು.

ತಮ್ಮ ಈಗ ಪುಸ್ತಕ ಸುಳ್ಳು ಅನ್ನುವುದಿಲ್ಲ. “ಅಕ್ಕ, ಪೂರ್ತಿ ಓದಿದ್ಯಾ?” ಅಂತ ಕೇಳುತ್ತಾನೆ ಅಷ್ಟೇ.

ನಮ್ಮ ವ್ಯಾಲಿಸ್ನೇರಿಯಾ ಎಂಟು ಮರಿ ಹಾಕಿದೆ. ಬೇಕಾದವರು ನೀರು ತುಂಬಿದ ಬಾಟಲಿ ತಗೊಂಡು ಭಾನುವಾರ ಮನೆಗೆ ಬನ್ನಿ. ಪುಕ್ಕಟೆ!

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ