ಊದಿದರೆ ಏಳುತ್ತಿದ್ದ ಆಟ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಇನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ, ಅಂದರೆ 1997ರಲ್ಲಿ ಹಾವೇರಿ ಜಿಲ್ಲೆ ಉದಯಿಸುವುದಕ್ಕೆ ತುಸು ಮುಂಚಿನ ಬೇಸಗೆಯ ರಜೆಗಳಲ್ಲಿ, ವಿದ್ಯುತ್ತಿನ ಕೃಪೆಯಿದ್ದ ಮಧ್ಯಾಹ್ನಗಳಂದು, ಓಣಿಯ ಬಾಲಕರೆಲ್ಲ ಯಾರದೋ ಪಡಸಾಲೆಯಲ್ಲಿ ನೆರೆದು, ಸವಣೂರ ಖಾರ ಮುಕ್ಕಿದ ಬೆರಳುಗಳ ಎಣ್ಣೆಯನ್ನು ವಿಡಿಯೋ ಆಟದ ಯಂತ್ರದ ಗುಂಡಿಗಳಿಗೆ ಧಾರಾಳವಾಗಿ ಲೇಪಿಸುತ್ತ, ಮಾರಿಯೋ ಎಂಬ ಮೀಸೆಯ ಪುರುಷನ ಭವಿತವ್ಯಕ್ಕಾಗಿ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರು.

ಆ ಯಂತ್ರವು ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮಿನ ಅಗ್ಗದ ಪ್ರತಿಕೃತಿ. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಮುದ್ರಿತವಾಗಿದ್ದರೂ ಒಳಗಿದ್ದವು ಕೆಲವೇ. ಮಿಕ್ಕವೆಲ್ಲ ಅವುಗಳ ಪುನರಾವೃತ್ತಿ. ಅಷ್ಟು ಉದಾರವಾದ ಸುಳ್ಳಿಗೆ ಮುನಿಯುವುದು ಹೇಗೆ? ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಕಿತ್ತು, ಅದರ ಬಾಯಿಗೆ ಊದಿ, ಮರಳಿ ಸಿಕ್ಕಿಸುವುದು ಸರ್ವಸಮ್ಮತ ಚಿಕಿತ್ಸೆ. ಗುಣ ಕೊಡುತ್ತಿದ್ದುದು ಮರಳಿ ಸಿಕ್ಕಿಸುವ ಕ್ರಿಯೆ. ಉಸಿರಿನ ತೇವವಾದರೋ ಲೋಹದ ಸಂಪರ್ಕಗಳನ್ನು ಮೆಲ್ಲನೆ ಕೆಡಿಸುತ್ತಿದ್ದಿತು.

ಎಲ್ಲಕ್ಕಿಂತ ವಿಸ್ಮಯಕರವಾದುದು ಬಾತುಕೋಳಿಯ ಬೇಟೆಯ ಆಟದ ಪಿಸ್ತೂಲು. ಅದರಿಂದ ಏನೂ ಹೊರಡುತ್ತಿರಲಿಲ್ಲ. ಕುದುರೆಯನ್ನು ಒತ್ತಿದೊಡನೆ ಪರದೆ ಕಣ್ಣಿಗೆ ನಿಲುಕದಷ್ಟು ಹೊತ್ತು ಕಪ್ಪಾಗಿ, ಹಕ್ಕಿಯಿದ್ದೆಡೆಯಲ್ಲಿ ಬಿಳಿಯ ಚೌಕವೊಂದು ಹೊಳೆಯುತ್ತಿತ್ತು. ಆ ಬೆಳಕನ್ನು ನಳಿಕೆಯೊಳಗಿನ ದ್ಯುತಿಸಂವೇದಕ ಗ್ರಹಿಸಿತೋ, ಹಕ್ಕಿ ಬಿದ್ದಿತು! ಉಬ್ಬುಗಾಜಿನ ಹಳೆಯ ಟೀವಿಯ ವೇಗಕ್ಕೆ ಹೊಂದಿಸಿದ ಈ ಉಪಾಯವು, ಚಿತ್ರವನ್ನು ಕಿಂಚಿತ್ ತಡವಾಗಿ ತೋರುವ ಇಂದಿನ ಚಪ್ಪಟೆ ಪರದೆಯೆದುರು ನಿಷ್ಫಲವಾದುದರಿಂದ, ಅಟ್ಟದ ಮೇಲಿನ ಪಿಸ್ತೂಲನ್ನು ಇಳಿಸಬಯಸುವವರು ಹಳೆಯ ಟೀವಿಯನ್ನೂ ಜೊತೆಗೇ ಇಳಿಸತಕ್ಕದ್ದು.